ಜಯಮ್ಮ ಕೇಳಿದ ಪ್ರಶ್ನೆಗಳು

ವಯನಾಡಿನ ಕೊಳವಳ್ಳಿಯ ಪದ್ಮಪ್ಪನವರು ದಿನಕ್ಕೆ ಎರಡು ಪೇಪರ್ ಓದುತ್ತಿದ್ದರು. ಮಲಯಾಳಂ ಪೇಪರು ಬೆಳಗ್ಗೆ ಆರೂವರೆಗೆ ಪುಲ್ಪಳ್ಳಿ ಕಡೆಯಿಂದ ಬೈಕಿನಲ್ಲಿ ಬಂದು ಅಂಗಳಕ್ಕೆ ಬೀಳುತ್ತಿತ್ತು. ಕನ್ನಡದ್ದು ಬೇಕಾದರೆ ಅವರೇ ಕಡವಿಗೆ ಇಳಿದು, ದೋಣಿ ಹತ್ತಿ, ಕಬಿನಿ ದಾಟಿ ಬೈರಕುಪ್ಪೆಯ ಅಂಗಡಿಗೆ ಹೋಗಬೇಕು. ಆಚೆ ದಡದಿಂದ ಕರ್ನಾಟಕ. ಮೊದಲೆಲ್ಲ ವಾರಕ್ಕೊಮ್ಮೆ ದಾಟುತ್ತಿದ್ದವರು ದೀಪ್ತಿ ಸೊಸೆಯಾಗಿ ಬಂದ ಮೇಲೆ ದಿನವೂ ದಾಟತೊಡಗಿದರು. ತೋಟದ ಕೆಲಸವಿದ್ದರೂ ಸರಿ, ಮಳೆ ಬಂದರೂ ಸರಿ, ಹನ್ನೆರಡು ಗಂಟೆಗೆ ಪೇಪರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಹೊಳೆಯಿಂದ ಮೇಲೆ ಬರುತ್ತಿದ್ದರು.

ದೀಪ್ತಿ ಮೈಸೂರು ಕಡೆಯ ಸಾಲಿಗ್ರಾಮದವಳು. ಇತಿಹಾಸದಲ್ಲಿ ಎಂ.ಎ. ಮಾಡಿ ಮೊದಲಿನಿಂದಲೂ ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುತ್ತಿದ್ದಳು. ಹೆಣ್ಣು ನೋಡಲು ಬಂದ ದಿನವೇ, ಪದ್ಮಪ್ಪನವರ ಮಗ ಸಮ್ಯಕ್‌ಗೆ ಅದನ್ನು ಹೇಳಿದ್ದಳು. ಕಲ್ಪೆಟ್ಟದ ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಸಮ್ಯಕ್, "ನಾಳೆ ನೀನು ಬಂದು ನನ್ನ ಫೈಲ್ ವಾಪಸ್ ಕಳಿಸ್ಬೇಡ ಅಷ್ಟೇ" ಎಂದು ನಕ್ಕಿದ್ದ. ಮದುವೆಯಾದ ಮೇಲೆ ಅವಳು ಒಮ್ಮೆ ಪ್ರಿಲಿಮ್ಸ್ ಬರೆದಳು. ಸ್ವಲ್ಪದರಲ್ಲಿ ತಪ್ಪಿತು. ಈಗ ಮೂವತ್ತು ದಾಟಿತ್ತು. ವಯಸ್ಸಿನ ಲೆಕ್ಕದಲ್ಲಿ ಇನ್ನು ಎರಡೇ ಸಲ ಬರೆಯಬಹುದಿತ್ತು.

ತರಗತಿಗೆ ಹೋಗೋಣವೆಂದರೆ ದೂರದ ಕಲ್ಪೆಟ್ಟಕ್ಕೇ ಹೋಗಬೇಕು. ಹಾಗಾಗಿ ಪಾಠವೆಲ್ಲ ಅಡುಗೆಮನೆಯ ಹಿಂದಿನ ಜಗಲಿಯಲ್ಲೇ ನಡೆಯುತ್ತಿತ್ತು. ಮಧ್ಯಾಹ್ನದ ಊಟ ಮುಗಿದದ್ದೇ ಪದ್ಮಪ್ಪ ಮೆಣಸಿನ ಕಾಳು ಹರಡಿದ ಚಾಪೆಯ ಪಕ್ಕದಲ್ಲಿ ಕುಳಿತು, ಪೇಪರಿನಿಂದ ಬರೆದುಕೊಂಡ ನೋಟ್‌ಬುಕ್ ತೆರೆದು, ಕೋರ್ಟಿನಲ್ಲಿ ಕೂಗಿದ ಹಾಗೆ ಪ್ರಶ್ನೆ ಕೇಳುತ್ತಿದ್ದರು. ದೀಪ್ತಿ ಕಾಳಿನಿಂದ ಕಡ್ಡಿ ಆರಿಸುತ್ತ ಉತ್ತರ ಹೇಳುತ್ತಿದ್ದಳು. ತಪ್ಪಾದರೆ ಅವರು ಆ ಪ್ರಶ್ನೆಯ ಮುಂದೆ ಒಂದು ಚುಕ್ಕೆ ಇಟ್ಟು ಮುಂದೆ ಹೋಗುತ್ತಿದ್ದರು.

ಒಳಗೆ ಒಲೆಯ ಮುಂದೆ ಅತ್ತೆ ಜಯಮ್ಮ ಇರುತ್ತಿದ್ದರು. ಅವರು ಈ ವಿಷಯದಲ್ಲಿ ಒಳ್ಳೆಯದು ಕೆಟ್ಟದ್ದು ಏನೂ ಆಡುತ್ತಿರಲಿಲ್ಲ. ಜಗಳ ಮಾಡುವವರಲ್ಲ, ಚುಚ್ಚು ಮಾತಿನವರಲ್ಲ. ದೀಪ್ತಿ ಓದಲು ಕುಳಿತರೆ ಅವಳ ಪಾಲಿನ ಕೆಲಸವನ್ನೂ ತಾವೇ ಮಾಡಿ ಮುಗಿಸುತ್ತಿದ್ದರು. ಆದರೆ ಹೋದ ಸಲದ ಫಲಿತಾಂಶ ಬಂದಾಗಿನಿಂದ ಅವಳ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದರು. "ಚಾಯ ಇಟ್ಟಿದ್ದೇನೆ" ಎನ್ನುವುದನ್ನೂ ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದರು. ತಾನು ಓದುವುದು ಅವರಿಗೆ ಇಷ್ಟವಿಲ್ಲ ಎಂದು ದೀಪ್ತಿ ತೀರ್ಮಾನಿಸಿಕೊಂಡಿದ್ದಳು.

ಒಂದೇ ಒಂದು ಸಲ ಜಯಮ್ಮ ಪಾಠದ ನಡುವೆ ಬಾಯಿ ಹಾಕಿದ್ದರು. ಅದು ಅಕ್ಟೋಬರ್ ತಿಂಗಳು, ದೀಪ್ತಿ ಏಳು ತಿಂಗಳ ಬಸುರಿ. ಕೇಂದ್ರ ಸರಕಾರ ಇನ್ನೂ ಐದು ಭಾಷೆಗಳಿಗೆ ಶಾಸ್ತ್ರೀಯ ಸ್ಥಾನ ಕೊಟ್ಟ ಸುದ್ದಿಯನ್ನು ಪದ್ಮಪ್ಪ ಓದಿದರು. "ಮರಾಠಿ, ಬಂಗಾಳಿ, ಅಸ್ಸಾಮಿ, ಪಾಲಿ, ಪ್ರಾಕೃತ. ಒಟ್ಟು ಎಷ್ಟಾಯ್ತು?"

"ಹನ್ನೊಂದು" ಎಂದಳು ದೀಪ್ತಿ.

ಜಯಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಪ್ರಾಕೃತ ಅಂದ್ರೆ ನಮ್ಮ ಜೈನರ ಣಮೋಕಾರ ಮಂತ್ರದ ಭಾಷೆಯಾ?"

"ಹೌದು ಅತ್ತೆ."

"ನಾನು ದಿನಾ ಬೆಳಗ್ಗೆ ಹೇಳೋದು ಇವರಿಗೆ ಈಗ ಗೊತ್ತಾಯ್ತಾ?" ಎಂದು ಒಳಗೆ ಹೋದರು. ಪದ್ಮಪ್ಪ ನಕ್ಕರು. ಒಳಗಿನಿಂದ ನಗು ಕೇಳಿಸಲಿಲ್ಲ.

ಇನ್ನೊಂದು ದಿನ ತಿಂಗಳ ಪತ್ರಿಕೆಯಲ್ಲಿ ಅವರದೇ ಜಿಲ್ಲೆ ಬಂದಿತ್ತು. ಜುಲೈನಲ್ಲಿ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದದ್ದು ಅಲ್ಲಿ ನಾಲ್ಕು ಸಾಲಾಗಿ, ಕೆಳಗೆ ನಾಲ್ಕು ಆಯ್ಕೆಗಳ ಒಂದು ಪ್ರಶ್ನೆಯಾಗಿತ್ತು. ಪದ್ಮಪ್ಪ ಅದನ್ನು ಕೇಳಲು ಬಾಯಿ ತೆರೆದು, ಕೇಳಲಾರದೆ ಪುಟ ಮಗುಚಿದರು. ಆ ದಿನಗಳಲ್ಲಿ ಸಮ್ಯಕ್ ಎರಡು ವಾರ ಮನೆಗೆ ಬಂದಿರಲಿಲ್ಲ. ಬಂದ ಮೇಲೂ ಊಟಕ್ಕೆ ಕುಳಿತು ಎದ್ದುಬಿಡುತ್ತಿದ್ದ. ಅವತ್ತು ಪಾಠ ಅಲ್ಲಿಗೇ ಮುಗಿಯಿತು.

ಡಿಸೆಂಬರಿನಲ್ಲಿ ಹೆಣ್ಣು ಮಗು ಹುಟ್ಟಿತು. ಅಂಬಿಕಾ ಎಂದು ಹೆಸರಿಟ್ಟರು. ಎಲ್ಲರೂ ಕರೆದದ್ದು ಕುಟ್ಟಿ ಎಂದೇ. ಬಾಣಂತನದ ಮೂರು ತಿಂಗಳು ಪದ್ಮಪ್ಪ ಕೋಣೆಯ ಹೊರಗೆ ಕುರ್ಚಿ ಹಾಕಿಕೊಂಡು ಮುಚ್ಚಿದ ಬಾಗಿಲಿಗೇ ಪ್ರಶ್ನೆ ಕೇಳಿದರು. ಮಗುವನ್ನು ಎಣ್ಣೆ ಹಚ್ಚಿ ಮೀಯಿಸುವುದು, ತೊಟ್ಟಿಲು ತೂಗುವುದು ಎಲ್ಲ ಜಯಮ್ಮನದೇ. ಅವರ ಮುಖ ಅರಳುತ್ತಿದ್ದದ್ದು ಮಗುವಿನ ಮುಂದೆ ಮಾತ್ರ.

ಪರೀಕ್ಷೆ ಮೇ ತಿಂಗಳ ಕೊನೆಯ ಭಾನುವಾರ, ಕೇಂದ್ರ ಕೋಝಿಕ್ಕೋಡ್. ಕುಟ್ಟಿ ಬಾಟಲಿಯನ್ನು ಬಾಯಿಗೆ ತಾಗಿಸಿದರೆ ಸಾಕು, ಮುಖ ತಿರುಗಿಸಿ ಅಳುತ್ತಿತ್ತು. ಹಾಗಾಗಿ ಮಗುವೂ ಹೋಗಬೇಕು, ಹೊರಗೆ ಅದನ್ನು ಎತ್ತಿಕೊಂಡು ಪದ್ಮಪ್ಪ ಇರಬೇಕು ಎಂದಾಯಿತು. ಪದ್ಮಪ್ಪ ಹೊಸ ಕೊಡೆ ತಂದಿಟ್ಟರು. ಆದರೆ ಗುರುವಾರ ಪೇಪರ್ ತರಲು ಇಳಿಯುವಾಗ ಕಡವಿನ ಮೆಟ್ಟಿಲಿನ ಪಾಚಿಯಲ್ಲಿ ಜಾರಿ ಬಿದ್ದರು. ಸಂಜೆಯ ಹೊತ್ತಿಗೆ ಪಾದಕ್ಕೆ ಪ್ಲಾಸ್ಟರ್ ಬಿತ್ತು. ಆ ವಾರವೇ ಮಳೆ ಜೋರಾಗಿ, ಕಲ್ಪೆಟ್ಟದಲ್ಲಿ ಎಲ್ಲರ ರಜೆ ರದ್ದಾಯಿತು. ಸಮ್ಯಕ್ ಫೋನಿನಲ್ಲಿ, "ಎಷ್ಟು ಕೇಳಿದರೂ ಬಿಡ್ತಿಲ್ಲ ದೀಪ್ತಿ" ಎಂದ.

ಶುಕ್ರವಾರ ದೀಪ್ತಿ ಪ್ರವೇಶ ಪತ್ರವನ್ನು ಮಡಚಿ ಪುಸ್ತಕದೊಳಗೆ ಇಟ್ಟುಬಿಟ್ಟಳು. "ಮುಂದಿನ ವರ್ಷ ನೋಡೋಣ ಮಾವ" ಎಂದಳು.

ಪದ್ಮಪ್ಪ ಪ್ಲಾಸ್ಟರಿನ ಕಾಲನ್ನೇ ನೋಡುತ್ತ ಕುಳಿತರು. ಆಗ ಜಯಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು.

"ಇವರ ಕಾಲು ಹೀಗಾಯ್ತು. ಅವನಿಗೆ ರಜೆ ಇಲ್ಲ. ಕುಟ್ಟಿ ಬಾಟಲಿ ಮುಟ್ಟಲ್ಲ. ಇನ್ನು ಯಾರಿದ್ದಾರೆ? ನಾನೇ ಬರ್ತೇನೆ."

ಪದ್ಮಪ್ಪ ತಲೆಯೆತ್ತಿದರು. "ನೀನಾ? ನೀನು ನಾನಿಲ್ಲದೆ ಈ ಘಟ್ಟದ ಚುರಂ ಇಳಿದದ್ದೇ ಇಲ್ಲವಲ್ಲ."

"ಚುರಂ ಇಳಿಸೋದು ಬಸ್ಸು. ನೀವಲ್ಲ" ಎಂದರು ಜಯಮ್ಮ.

ಶನಿವಾರ ಬೆಳಗ್ಗೆ ಪುಲ್ಪಳ್ಳಿಯಿಂದ ಬಸ್ಸು ಹಿಡಿದರು. ಜಯಮ್ಮ ಕಿಟಕಿಯ ಪಕ್ಕದ ಜಾಗವನ್ನು ದೀಪ್ತಿಗೆ ಬಿಟ್ಟು ಮಗುವನ್ನು ತಾವೇ ಎತ್ತಿಕೊಂಡರು. ದೀಪ್ತಿ ಮಾವನ ನೋಟ್‌ಬುಕ್ ತೆರೆದು ಓದುತ್ತಿದ್ದಳು. ಲಕ್ಕಿಡಿ ಕಳೆದು ಘಟ್ಟದ ತಿರುವುಗಳು ಶುರುವಾದದ್ದೇ ಅವಳಿಗೆ ತಲೆ ಸುತ್ತಿತು. ಎರಡನೇ ತಿರುವಿನಲ್ಲಿ ಕಿಟಕಿಯಿಂದಾಚೆ ಬಾಗಿ ವಾಂತಿ ಮಾಡಿಕೊಂಡಳು. ಜಯಮ್ಮ ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯಿಂದ ಅವಳ ಬೆನ್ನು ಸವರಿದರು, ನೀರು ಕೊಟ್ಟರು. ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿದರು. ದೀಪ್ತಿ ಕಣ್ಣು ಮುಚ್ಚಿ ಒರಗಿದಳು. ಇನ್ನು ಓದುವುದು ಸಾಧ್ಯವಿಲ್ಲ ಎಂಬ ಸಂಕಟದಲ್ಲಿ ಕಣ್ಣಂಚಿನಲ್ಲಿ ನೀರು ಬಂತು.

"ಕೇರಳದಲ್ಲಿ ಮೂಡು ದಿಕ್ಕಿಗೆ ಹರಿಯೋ ಹೊಳೆ ಎಷ್ಟು?" ಎಂದು ಯಾರೋ ಕೇಳಿದರು.

ದೀಪ್ತಿ ಕಣ್ಣು ಬಿಟ್ಟಳು. ಜಯಮ್ಮ ಮುಂದಿನ ಸೀಟಿನ ಕಂಬಿಯನ್ನು ನೋಡುತ್ತಿದ್ದರು.

"ಮೂರು" ಎಂದಳು ದೀಪ್ತಿ. "ಕಬಿನಿ, ಭವಾನಿ, ಪಾಂಬಾರ್."

"ಹಣಕಾಸು ಆಯೋಗ ಎಷ್ಟನೇ ವಿಧಿ?"

"ಇನ್ನೂರ ಎಂಬತ್ತು."

"ಬಜೆಟ್?"

"ನೂರ ಹನ್ನೆರಡು."

"ರಾಮ್ಸರ್ ತಾಣ ಕರ್ನಾಟಕದಲ್ಲಿ ಎಷ್ಟು?"

"ಮೂರು. ರಂಗನತಿಟ್ಟು, ಅಘನಾಶಿನಿ, ಅಂಕಸಮುದ್ರ."

"ನಾಲ್ಕು. ಮಾಗಡಿ ಕೆರೆ ನೀನು ಯಾವಾಗಲೂ ಮರೀತೀಯ."

ದೀಪ್ತಿ ಎದ್ದು ಸರಿಯಾಗಿ ಕುಳಿತಳು. "ಅತ್ತೆ, ಇದೆಲ್ಲ ನಿಮಗೆ ಹೇಗೆ..."

"ಒಗ್ಗರಣೆ ಹಾಕುವಾಗ ಕಿವಿ ಮುಚ್ಚಿಕೊಳ್ಳೋಕೆ ಆಗ್ತದಾ? ನಿನ್ನ ಮಾವ ಯಾವತ್ತಾದರೂ ಸಣ್ಣ ದನಿಯಲ್ಲಿ ಕೇಳಿದ್ದುಂಟಾ? ಹಣದ ಮಸೂದೆ ಹೌದೋ ಅಲ್ಲವೋ ಅಂತ ಹೇಳೋದು ಯಾರು?"

"ಲೋಕಸಭೆಯ ಸ್ಪೀಕರ್."

ಘಟ್ಟದ ಬುಡದ ಅಡಿವಾರಂ ಬರುವವರೆಗೆ ಜಯಮ್ಮ ಒಂದೇ ಸಮನೆ ಕೇಳಿದರು. ಬಸ್ಸು ಸಮತಟ್ಟು ರಸ್ತೆಗೆ ಇಳಿದ ಮೇಲೆ ದೀಪ್ತಿಗೆ ಹೊಳೆಯಿತು. ಅತ್ತೆ ಸಿಕ್ಕಿದ್ದೆಲ್ಲ ಕೇಳುತ್ತಿರಲಿಲ್ಲ. ಒಂದು ವರ್ಷದಲ್ಲಿ ತಾನು ಯಾವುದನ್ನು ತಪ್ಪಾಗಿ ಹೇಳಿದ್ದಳೋ, ಮಾವ ಯಾವುದರ ಮುಂದೆ ಚುಕ್ಕೆ ಇಟ್ಟಿದ್ದರೋ, ಅದನ್ನೇ ಆರಿಸಿ ಕೇಳುತ್ತಿದ್ದರು.

ಆ ರಾತ್ರಿ ಕೋಝಿಕ್ಕೋಡಿನ ನೆಂಟರ ಮನೆಯಲ್ಲಿ ತಂಗಿ, ಮರುದಿನ ಬೆಳಗ್ಗೆ ಎಂಟೂವರೆಗೆ ಪರೀಕ್ಷೆಯ ಶಾಲೆಯ ಗೇಟಿಗೆ ಬಂದರು. ಮಳೆ ಹುಯ್ಯುತ್ತಿತ್ತು. ದೀಪ್ತಿ ಮಗುವಿಗೆ ಹಾಲು ಕುಡಿಸಿ, ಪೆನ್ನು ಮತ್ತು ಪ್ರವೇಶ ಪತ್ರ ಮಾತ್ರ ಹಿಡಿದು, ತಿರುಗಿ ತಿರುಗಿ ನೋಡುತ್ತ ಒಳಗೆ ಹೋದಳು. ಒಂಬತ್ತಕ್ಕೆ ಗೇಟು ಮುಚ್ಚಿತು.

ಜಯಮ್ಮ ಕೊಡೆಯಡಿ ನಿಂತು ಸುತ್ತ ನೋಡಿದರು. ಎದುರು ಸಾಲಿನಲ್ಲಿ ಒಂದು ಟೈಲರ್ ಅಂಗಡಿ ತೆರೆದಿತ್ತು. ಶಾಲೆ ಶುರುವಾಗುವ ಕಾಲ, ಭಾನುವಾರವೂ ಯೂನಿಫಾರಂ ಹೊಲಿಯುವ ಗಡಿಬಿಡಿ. ಟೈಲರ್ ಪದ್ಮನಾಭನ್ ಮಗುವನ್ನು ಕಂಡು, ಬಟ್ಟೆಯ ರಾಶಿ ಸರಿಸಿ ಸ್ಟೂಲು ಕೊಟ್ಟ. ಎಲ್ಲಿಂದ ಎಂದು ಮಲಯಾಳದಲ್ಲಿ ಕೇಳಿದ. ವಯನಾಡು, ಕೊಳವಳ್ಳಿ ಎಂದರು ಜಯಮ್ಮ. ಮಗಳು ಪರೀಕ್ಷೆ ಬರೆಯುತ್ತಿದ್ದಾಳಾ ಎಂದು ಕೇಳಿದ. ಜಯಮ್ಮ ಗೇಟಿನ ಕಡೆ ನೋಡಿ, ಹೌದು, ಮಗಳು ಎಂದರು.

ಹತ್ತೂವರೆಯವರೆಗೆ ಕುಟ್ಟಿ ಹೊಲಿಗೆ ಯಂತ್ರದ ಸದ್ದಿಗೆ ಕಣ್ಣರಳಿಸಿಕೊಂಡು ಸುಮ್ಮನಿತ್ತು. ಆಮೇಲೆ ಹಸಿವಾಯಿತು. ಜಯಮ್ಮ ಎತ್ತಿಕೊಂಡು ಅಂಗಡಿಯ ಮಾಡಿನ ಕೆಳಗೆ ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ ನಡೆದರು. ಲಾಲಿ ಹಾಡಿದರು, ಕೇಳಲಿಲ್ಲ. ಹುಟ್ಟಿದಾಗಿನಿಂದ ಮಗು ಮನೆಯಲ್ಲಿ ಕೇಳಿದ್ದು ಒಂದೇ ರಾಗ. ಜಯಮ್ಮ ಗಂಡನ ದನಿಯಲ್ಲಿ, "ಹದಿನಾರನೇ ಹಣಕಾಸು ಆಯೋಗ" ಎಂದು ಕೂಗಿ ಶುರುಮಾಡಿದರು. ಕುಟ್ಟಿ ಅಳು ನಿಲ್ಲಿಸಿ ಬಿಕ್ಕುತ್ತ ಅವರ ಬಾಯನ್ನೇ ನೋಡಿತು. ಪದ್ಮನಾಭನ್ ಯಂತ್ರ ನಿಲ್ಲಿಸಿ ನಕ್ಕ. ಹನ್ನೊಂದೂವರೆಯವರೆಗೆ ಜಯಮ್ಮ ರಾಷ್ಟ್ರೀಯ ಉದ್ಯಾನ, ಸಂವಿಧಾನದ ವಿಧಿ, ಹೊಸ ಉಪಗ್ರಹ ಎಂದು ನೆನಪಿಗೆ ಬಂದದ್ದೆಲ್ಲ ಹೇಳಿದರು.

ಗಂಟೆ ಹೊಡೆದದ್ದೇ ದೀಪ್ತಿ ಕೊಡೆಯಿಲ್ಲದೆ ಓಡಿಬಂದಳು. ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ಪದ್ಮನಾಭನ್ ಬಟ್ಟೆ ಹಾಕಿ ನೋಡುವ ಮೂಲೆಯ ಪರದೆ ಎಳೆದುಕೊಟ್ಟು, ಚಾಯ ಕುಡಿದು ಬರುತ್ತೇನೆಂದು ಹೊರಗೆ ಹೋದ. ಮಗು ಅವಸರದಿಂದ ಕುಡಿಯಿತು. ದೀಪ್ತಿ ಅಳತೊಡಗಿದಳು.

"ಹೋಯ್ತು ಅತ್ತೆ. ಮೂವತ್ತು ಪ್ರಶ್ನೆಗೆ ಊಹೆ ಮಾಡಿ ಗುರುತು ಹಾಕಿದ್ದೇನೆ. ತಪ್ಪಾದರೆ ಮಾರ್ಕ್ಸ್ ಕಳೀತಾರೆ. ಮಧ್ಯಾಹ್ನದ್ದು ಬರೆದು ಏನು ಮಾಡಲಿ? ಮನೆಗೆ ಹೋಗೋಣ."

"ಮಧ್ಯಾಹ್ನದ್ದರಲ್ಲಿ ನೂರಕ್ಕೆ ಮೂವತ್ತಮೂರು ಬರದಿದ್ದರೆ ಬೆಳಗ್ಗೆದನ್ನ ನೋಡೋದೇ ಇಲ್ಲ, ಅಲ್ವಾ?"

"ಅದು ನಿಮಗೂ ಗೊತ್ತು" ಎಂದಳು ದೀಪ್ತಿ, ಅಳುವಿನ ನಡುವೆ.

ಜಯಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದು ಕುಳಿತರು. ಸ್ವಲ್ಪ ಹೊತ್ತು ಮಗುವಿನ ಪಾದ ಒತ್ತುತ್ತಿದ್ದರು.

"ಒಂದು ಮಾತು ಹೇಳ್ತೇನೆ. ಕೇಳಿ ನನ್ನನ್ನ ಬೈದರೂ ಸರಿ. ಹೋದ ವರ್ಷ ನೀನು ಬರೆಯೋಕೆ ಹೋದೆಯಲ್ಲ, ಅವತ್ತು ನಾನು ಬಸದಿಗೆ ಹೋಗಿ, ನೀನು ಪಾಸಾಗಬಾರದು ಅಂತ ಕೇಳಿಕೊಂಡೆ."

ದೀಪ್ತಿಯ ಅಳು ನಿಂತಿತು.

"ಆಗ ನಿನಗೆ ಮೂರು ತಿಂಗಳು. ಇವರು ದಿನಾ ಹೇಳೋರು, ಪಾಸಾದೋರನ್ನ ಅಸ್ಸಾಮಿಗೆ ಹಾಕ್ತಾರೆ, ನಾಗಾಲ್ಯಾಂಡಿಗೆ ಹಾಕ್ತಾರೆ ಅಂತ. ಆ ಹೆಸರು ಕೇಳಿದ ಹಾಗೆಲ್ಲ ನನಗೆ ಎದೆ ಹಾರ್ತಿತ್ತು. ಹುಟ್ಟೋ ಕುಟ್ಟಿಯನ್ನ ನಾನು ಫೋನಲ್ಲಿ ನೋಡಬೇಕಾ ಅಂತ. ತೀರ್ಥಂಕರರು ಏನೂ ಕೊಡೋರಲ್ಲ, ಅವರ ಹತ್ತಿರ ಬೇಡಬಾರದು ಅಂತ ನನಗೆ ಗೊತ್ತಿಲ್ಲವಾ? ಗೊತ್ತಿದ್ದೂ ಬೇಡಿದೆ. ರಿಸಲ್ಟ್ ಬಂದ ದಿನ ನೀನು ಕೊಟ್ಟಿಗೆಯಲ್ಲಿ ದನಕ್ಕೆ ಹುಲ್ಲು ಹಾಕ್ತಿದ್ದೆ. ಹಾಕಿದ್ದರ ಮೇಲೆ ಹಾಕ್ತಾನೇ ಇದ್ದೆ. ಅದನ್ನ ನೋಡಿದ ಮೇಲೆ ನಿನ್ನ ಮುಖಕ್ಕೆ ಮುಖ ಕೊಟ್ಟು ಮಾತಾಡೋಕೆ ನನಗೆ ಆಗಲಿಲ್ಲ."

ಹೊರಗೆ ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ದೀಪ್ತಿಗೆ ಸಿಟ್ಟು ಬಂತು. ಒಂದು ವರ್ಷ ಈ ಮನೆಯಲ್ಲಿ ತನ್ನದೇ ಏನೋ ತಪ್ಪಿದೆ ಎಂದುಕೊಂಡು ಕಳೆದ ದಿನಗಳೆಲ್ಲ ನೆನಪಾದವು. ಏನಾದರೂ ಕಟುವಾಗಿ ಹೇಳಬೇಕೆಂದು ಅವರ ಮುಖ ನೋಡಿದಳು. ಜಯಮ್ಮನ ಸೀರೆಯ ಒಂದು ಕಡೆ ಇನ್ನೂ ಒದ್ದೆಯಾಗಿತ್ತು. ಕೊಡೆಯನ್ನು ಮಗುವಿನ ಕಡೆಗೇ ಹಿಡಿದು ಬೆಳಗ್ಗೆ ಗೇಟಿನ ಮುಂದೆ ಅರ್ಧ ಮೈ ಮಳೆಯಲ್ಲೇ ಇಟ್ಟಿದ್ದರು.

"ಇವತ್ತು ಏನು ಕೇಳಿಕೊಂಡಿರಿ?" ಎಂದಳು.

"ಏನೂ ಇಲ್ಲ. ಪಾಸಾಗಲಿ ಅಂತಲೂ ಕೇಳಿಕೊಂಡಿಲ್ಲ. ನಡುವೆ ಬರೋಕೆ ನಾನ್ಯಾರು? ನೀನು ಬರಿ ಮೋಳೇ. ಬಂದದ್ದು ನಿನ್ನ ಕೈಯಿಂದಲೇ ಬರಲಿ."

ಊರಿನ ಮಲಯಾಳಿ ತಾಯಂದಿರು ಮಗಳನ್ನು ಕರೆಯುವ ಆ ಹೆಸರಿನಿಂದ ಜಯಮ್ಮ ಅವಳನ್ನು ಅದುವರೆಗೆ ಕರೆದಿರಲಿಲ್ಲ. ದೀಪ್ತಿ ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡಳು. ಜಯಮ್ಮ ಡಬ್ಬಿ ತೆರೆದು ಅಕ್ಕಿರೊಟ್ಟಿ ಮುರಿದು ಬೆಲ್ಲ ತುಪ್ಪ ಹಚ್ಚಿ ಅವಳ ಬಾಯಿಗಿಟ್ಟರು. ಕೈ ಖಾಲಿ ಇಲ್ಲದ್ದರಿಂದ ದೀಪ್ತಿ ಹಾಗೇ ತಿಂದಳು, ನಾಲ್ಕು ರೊಟ್ಟಿ. ಒಂದೂವರೆಗೆ ಎದ್ದು ಮುಖ ತೊಳೆದು ಗೇಟಿನೊಳಗೆ ಹೋದಳು.

ಸಂಜೆ ಐದರ ಬಸ್ಸಿಗೆ ವಾಪಸಾದರು. ಮಗು ನಿದ್ದೆ ಹೋಗಿತ್ತು. ಘಟ್ಟದ ಬುಡದಲ್ಲಿ ದೀಪ್ತಿ ನೀರಿನ ಬಾಟಲಿಗಾಗಿ ಚೀಲಕ್ಕೆ ಕೈ ಹಾಕಿದಾಗ ಎರಡನೇ ಡಬ್ಬಿ ಭಾರವಾಗಿಯೇ ಸಿಕ್ಕಿತು. ತೆರೆದರೆ ಅತ್ತೆಯ ಪಾಲಿನ ರೊಟ್ಟಿ ಹಾಗೇ ಇತ್ತು.

"ನೀವು ಊಟ ಮಾಡಿಲ್ಲ!"

"ಕುಟ್ಟಿ ಎಲ್ಲಿ ಬಿಟ್ಟಿತು? ಕೆಳಗೆ ಇಟ್ಟರೆ ಅಳ್ತದೆ."

ದೀಪ್ತಿ ಹೊರಗೆ ನೋಡಿದಳು. ಮೋಡದ ಹಿಂದೆ ಸೂರ್ಯ ಆಗಲೇ ಮುಳುಗಿದ್ದ. ಹೊತ್ತು ಮುಳುಗಿದ ಮೇಲೆ ಉಣ್ಣದ ನೇಮದ ಅತ್ತೆ ಇನ್ನು ಬೆಳಗಿನವರೆಗೆ ಏನೂ ಮುಟ್ಟುವುದಿಲ್ಲ. ಅವಳು ಡಬ್ಬಿಯನ್ನು ಮುಚ್ಚಿದಳು. ಹೊಟ್ಟೆ ಹಸಿದಿತ್ತು, ಹಾಲೂಡುವ ಮೈ. ಆದರೂ ತಾನೂ ತಿನ್ನಲಿಲ್ಲ. ಜಯಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ, "ಕುಟ್ಟಿಗೆ ಹಾಲು ಬೇಡವಾ? ಹಟ ಮಾಡ್ತೀಯಾ? ತಿನ್ನು" ಎಂದು ಗದರಿಸಿದ ಮೇಲೆ ತಿಂದಳು.

"ಅರುಣಾಚಲದಲ್ಲಿ ಚಳಿಗಾಲಕ್ಕೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತೆ ಅತ್ತೆ" ಎಂದಳು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡು. "ನನ್ನನ್ನ ಅಲ್ಲಿಗೆ ಹಾಕಿದರೆ ನೀವು ಹೇಗೆ ಊಟ ಮಾಡ್ತೀರಿ?"

"ನಾನ್ಯಾಕೆ ಅಲ್ಲಿಗೆ ಬರ್ತೇನೆ?"

"ಬರದೆ? ಕುಟ್ಟಿಯನ್ನ ನೋಡಿಕೊಳ್ಳೋರು ಯಾರು? ಮಾವನಿಗೂ ಅಲ್ಲೇ ಪೇಪರ್ ಹಾಕಿಸೋಣ."

ಜಯಮ್ಮ ಮಗುವಿನ ಹೊದಿಕೆ ಸರಿಮಾಡಿದರು. ಬಸ್ಸು ಎರಡು ತಿರುವು ಹತ್ತಿದ ಮೇಲೆ, "ನಾಲ್ಕೂವರೆಗೆ ಅಂದ್ರೆ ಮಧ್ಯಾಹ್ನದ್ದೂ ಸಂಜೆಯದ್ದೂ ಒಂದೇ ಊಟ" ಎಂದರು. "ಪಾತ್ರೆ ತೊಳೆಯೋದು ಕಡಿಮೆ."

ಜೂನ್ ಎರಡನೇ ವಾರ ಪ್ರಿಲಿಮ್ಸ್ ಫಲಿತಾಂಶ ಬಂತು. ಪದ್ಮಪ್ಪ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು, ಫೋನಿನ ಅಂಕಿಗಳ ಸಾಲನ್ನು ಬೆರಳಿನಿಂದ ಸರಿಸುತ್ತ ಹೋದರು. ದೀಪ್ತಿಯ ನಂಬರು ಇತ್ತು. ಮೂರು ಸಲ ಓದಿ, ಎದ್ದು ಕುಣಿಯಲಾಗದೆ ಕುರ್ಚಿಯ ಕೈಯನ್ನು ಬಡಿದರು. ಆಗಸ್ಟಿನಲ್ಲಿ ಮೇನ್ಸ್ ಬರೆಯಲು ತಿರುವನಂತಪುರಕ್ಕೆ ಅತ್ತೆ, ಸೊಸೆ, ಮಗು ಮೂವರೇ ಹೋದರು. ಪರಿಚಯದವರೊಬ್ಬರ ಮನೆಯ ಮಹಡಿಯ ಕೋಣೆಯಲ್ಲಿ ಹನ್ನೆರಡು ದಿನ ಇದ್ದರು. ದೀಪ್ತಿ ಕನ್ನಡದಲ್ಲಿ ಬರೆದಳು. ಬರೆದು ಬಂದವಳ ಬೆರಳುಗಳನ್ನು ಜಯಮ್ಮ ಮಗುವಿನ ಎಣ್ಣೆಯಿಂದಲೇ ತಿಕ್ಕಿದರು.

ನವೆಂಬರಿನಲ್ಲಿ ಸಂದರ್ಶನದ ಪಟ್ಟಿ ಬಂದಾಗ ಅವಳ ನಂಬರು ಇರಲಿಲ್ಲ.

ದೀಪ್ತಿ ಫೋನು ಕೆಳಗಿಟ್ಟು, ಬಟ್ಟೆ ಒಗೆಯಲು ಹೋದಳು. ವಾಪಸು ಬಂದಾಗ ಅಡುಗೆಮನೆಯಲ್ಲಿ ಜಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಒಲೆಯ ಮೇಲೆ ಹಾಲು ಉಕ್ಕಿ ಹರಿದಿತ್ತು. ದೀಪ್ತಿ ಒಲೆ ಆರಿಸಿ, ನೆಲದಲ್ಲೇ ಅವರ ಪಕ್ಕ ಕುಳಿತಳು.

"ಈ ಸಲ ನಾನೇನೂ ಕೇಳಿಕೊಂಡಿಲ್ಲ" ಎಂದರು ಜಯಮ್ಮ. "ಆಣೆ."

"ಗೊತ್ತು ಅತ್ತೆ."

"ಇನ್ನೊಂದು ಸಲ ಉಂಟಲ್ಲ?"

"ಉಂಟು. ಮುಂದಿನ ಮೇ ತಿಂಗಳು. ಅದೇ ಕೊನೆ."

ಹೊಸಿಲಿನ ಆಚೆ ಕುಟ್ಟಿ ಗೋಡೆ ಹಿಡಿದು ನಿಲ್ಲಲು ನೋಡುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಜಯಮ್ಮ ಅದನ್ನು ನೋಡುತ್ತ ಕಣ್ಣೊರೆಸಿಕೊಂಡರು.

"ಮೇ ಅಂದ್ರೆ ಕುಟ್ಟಿ ನಡೆಯೋಕೆ ಶುರು ಮಾಡಿರ್ತದೆ. ನನ್ನ ಕೈ ಖಾಲಿ ಇರ್ತದೆ. ನಿನ್ನ ಚೀಲ ನಾನೇ ಹಿಡೀತೇನೆ" ಎಂದರು. ಆಮೇಲೆ ಎದ್ದು, ಉಕ್ಕಿದ ಹಾಲನ್ನು ಒರೆಸಲು ಬಟ್ಟೆ ಹುಡುಕಿದರು.